ಆ ನೋವಿನ ಹೆಸರೇನು ಸ್ವಾಮಿ?



ಇವತ್ತು ರಾಜಕೀಯ ಬೇಡ. ಯಾರು ದೆಹಲಿಗೆ ಹೋದರು, ಯಾರು ಹೈಕಮಾಂಡ್ ಬಾಗಿಲಲ್ಲಿ ಕಾದರು, ಯಾರ ಕುರ್ಚಿ ಅಲುಗಾಡ್ತಿದೆ ಅನ್ನೋದನ್ನೆಲ್ಲ ನಾಳೆ ನೋಡೋಣ. ಇವತ್ತು ಕುರ್ಚಿಯಿಂದ ಏಳೋದಕ್ಕೇ ಕಷ್ಟಪಡೋರ ಬಗ್ಗೆ ಮಾತಾಡೋಣ. ನಿಮ್ಮ ಮನೆಯಲ್ಲೂ ಒಬ್ಬರಾದರೂ ಇದ್ದೇ ಇರ್ತಾರೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಗೋಡೆ ಹಿಡ್ಕೋತಾರೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರೋಕಾಗಲ್ಲ, ಟೇಬಲ್ ಊಟ ಹುಡುಕ್ತಾರೆ. ಬಸ್ಸಿನ ಮೆಟ್ಟಿಲು ಹತ್ತುವಾಗ 'ಅಮ್ಮಾ' ಅಂತಾರೆ.

ಆರೋಗ್ಯದ ಕಾರ್ಯಕ್ರಮ ಮಾಡಿದಾಗಲೆಲ್ಲ ನಾನು ನೋಡಿದ್ದೀನಿ, ಕೀಲುನೋವಿನ ವಿಷಯ ಬಂದರೆ ಸಾಕು, ಫೋನುಗಳು ನಿಲ್ಲೋದೇ ಇಲ್ಲ. ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. 'ಸಾರ್, ಅಮ್ಮನಿಗೆ ಮಂಡಿನೋವು, ಬೇಳೆ ಬಿಡಿಸಬೇಕಾ?' 'ಯೂರಿಕ್ ಆಸಿಡ್ ಜಾಸ್ತಿ ಇದೆಯಂತೆ, ಟೊಮೆಟೊ ತಿನ್ನಬಹುದಾ?' 'ಒಬ್ಬರು ಪುಡಿ ಕೊಡ್ತಾರಂತೆ, ಮೂರೇ ದಿನಕ್ಕೆ ನೋವು ಮಾಯವಂತೆ, ತರಿಸಲಾ?' ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: ಆ ನೋವಿನ ಹೆಸರೇನು? 'ಅದೇ ಸಾರ್, ವಾಯು.' ಇಲ್ಲಾಂದ್ರೆ, 'ಸಂಧಿವಾತ.'

ಸಮಸ್ಯೆ ಶುರುವಾಗೋದೇ ಇಲ್ಲಿ. ವಾಯು, ವಾತ, ಸಂಧಿವಾತ, ಆರ್ಥ್ರೈಟಿಸ್ ಇವೆಲ್ಲ ಊರಿನ ಹೆಸರು ಇದ್ದ ಹಾಗೆ. ಅದರೊಳಗೆ ನೂರಕ್ಕೂ ಹೆಚ್ಚು ಮನೆಗಳಿವೆ. ಊರಿನ ಹೆಸರಷ್ಟೇ ಬರೆದು ಪತ್ರ ಹಾಕಿದರೆ ಅದು ಯಾವ ಮನೆಗೆ ತಲುಪುತ್ತೆ ಹೇಳಿ? ಒಂದು ಬಗೆಯ ಕೀಲುನೋವಿಗೆ ಕೊಡೋ ಔಷಧಿ ಇನ್ನೊಂದಕ್ಕೆ ನಡೆಯಲ್ಲ. ಕೆಲವು ಸಲ ತೊಂದರೆಯನ್ನೂ ಮಾಡುತ್ತೆ. ಅದಕ್ಕೇ ಇವತ್ತು ಮುಖ್ಯವಾದ ನಾಲ್ಕು ಮನೆಗಳ ವಿಳಾಸ ಹೇಳ್ತೀನಿ.

ಮೊದಲನೆಯದು ಸವೆತ. ವೈದ್ಯರು ಇದನ್ನ ಆಸ್ಟಿಯೋ ಆರ್ಥ್ರೈಟಿಸ್ ಅಂತಾರೆ. ಮೂಳೆಯ ತುದಿಯಲ್ಲಿ ನುಣುಪಾದ ಒಂದು ಮೆತ್ತೆ ಇರುತ್ತೆ, ಕಾರ್ಟಿಲೇಜ್ ಅಂತ. ವಯಸ್ಸು, ತೂಕ, ಹಳೆಯ ಪೆಟ್ಟು, ವಂಶದ ಗುಣ ಎಲ್ಲ ಸೇರಿ ಅದು ತೆಳುವಾಗ್ತಾ ಹೋಗುತ್ತೆ. ಇದರ ಗುರುತು ಏನು ಅಂದ್ರೆ, ಮೆಟ್ಟಿಲು ಹತ್ತಿ ಇಳಿದರೆ, ಜಾಸ್ತಿ ನಡೆದರೆ ನೋವು, ಕೂತರೆ ಸಮಾಧಾನ. ಬೆಳಿಗ್ಗೆ ಬಿಗಿತ ಇದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲ ಆಗುತ್ತೆ. 'ಹಾಗಾದ್ರೆ ನಡೆಯೋದೇ ಬಿಟ್ಟುಬಿಡ್ತೀನಿ' ಅಂತಾರೆ ಎಷ್ಟೋ ಜನ. ಬಿಡಬೇಡಿ. ಆ ಮೆತ್ತೆಗೆ ರಕ್ತನಾಳಗಳೇ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಅನ್ನ ನೀರು. ಕೀಲು ಆಡಿದರೆ ಮಾತ್ರ ಆ ದ್ರವ ಒಳಗೆ ಇಳಿಯುತ್ತೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಹೊರೆ ಕಡಿಮೆ ಆಗುತ್ತೆ. ಇನ್ನು ತೂಕದ ಲೆಕ್ಕ ಕೇಳಿ: ಒಂದು ಕೆಜಿ ಇಳಿಸಿದರೆ, ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳೋ ಭಾರ ಸುಮಾರು ನಾಲ್ಕು ಕೆಜಿಯಷ್ಟು ಇಳಿಯುತ್ತೆ. ಇಷ್ಟು ಲಾಭ ಕೊಡೋ ಚೀಟಿ ವ್ಯವಹಾರ ಎಲ್ಲಿದೆ ತೋರಿಸಿ?

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ಕನ್ನಡದಲ್ಲಿ ಆಮವಾತ ಅಂತಲೂ ಕರೀತಾರೆ. ಇದು ಸವೆತ ಅಲ್ಲವೇ ಅಲ್ಲ. ಇದು ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಹೊರಗಿನ ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ಪಡೆ, ತನ್ನದೇ ಕೀಲಿನ ಪದರದ ಮೇಲೆ ಮುಗಿಬೀಳುತ್ತೆ. ಅದರಿಂದ ಆಗೋದೇ ಉರಿಯೂತ: ಊತ, ಬಿಸಿ, ನೋವು. ಬೆರಳಿನ ಬುಡ, ಮಣಿಕಟ್ಟಿನಂಥ ಸಣ್ಣ ಕೀಲುಗಳಲ್ಲಿ, ಎರಡೂ ಕೈಗಳಲ್ಲಿ ಕಾಣಿಸ್ಕೊಳ್ಳುತ್ತೆ. ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡಲ್ಲ. ಸೀರೆಗೆ ಪಿನ್ ಹಾಕೋಕಾಗಲ್ಲ, ಚಪಾತಿ ಹಿಟ್ಟು ನಾದೋಕಾಗಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೂವತ್ತು ನಲವತ್ತರ ವಯಸ್ಸಿನ ಹೆಣ್ಣುಮಕ್ಕಳಿಗೂ ಬರುತ್ತೆ. ಆದರೆ ಮನೆಯಲ್ಲಿ ಏನು ಹೇಳ್ತಾರೆ? 'ನೀರಲ್ಲಿ ಜಾಸ್ತಿ ಕೆಲಸ ಮಾಡ್ತೀಯ, ಅದಕ್ಕೇ.' ಹೀಗೆ ಹೇಳ್ತಾ ಹೇಳ್ತಾ ವರ್ಷ ಕಳೆದುಬಿಡುತ್ತೆ. ಅಷ್ಟರಲ್ಲಿ ಬೆರಳು ಸೊಟ್ಟಗಾಗಿರುತ್ತೆ. ಸೊಟ್ಟಗಾದ ಬೆರಳನ್ನ ಯಾವ ಮಾತ್ರೆಯೂ ನೆಟ್ಟಗೆ ಮಾಡಲ್ಲ. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಔಷಧಿ ಶುರುವಾದರೆ ಆ ಬೆರಳು ಉಳಿಯುತ್ತೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಈ ಕಾಯಿಲೆಗೆ ಕೊಡೋ ಮುಖ್ಯ ಮಾತ್ರೆ ಮೆಥೊಟ್ರೆಕ್ಸೇಟ್. ಅದನ್ನ ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ಅಲ್ಲ. ಗೊತ್ತಿಲ್ಲದೆ ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಬರೆದಿದ್ದರೆ, ಕ್ಯಾಲೆಂಡರ್ ಮೇಲೆ ಆ ವಾರದ ದಿನಕ್ಕೆ ಇವತ್ತೇ ಗುರುತು ಹಾಕಿ.

ಮೂರನೆಯದು ಗೌಟ್. ರಾತ್ರಿ ಚೆನ್ನಾಗಿ ಮಲಗಿದ ಮನುಷ್ಯ, ನಡುರಾತ್ರಿ ಕಾಲಿನ ಹೆಬ್ಬೆರಳು ಹಿಡಿದು ಕೂಗ್ತಾನೆ. ಬೆರಳಿನ ಬುಡ ಕೆಂಪಗೆ, ಕೆಂಡದ ಹಾಗೆ. ಮೇಲೆ ಹೊದಿಕೆ ಸೋಕಿದರೂ ತಡೆಯೋಕಾಗಲ್ಲ. ರಕ್ತದಲ್ಲಿ ಯೂರಿಕ್ ಆಮ್ಲ ಬಹಳ ದಿನ ಹೆಚ್ಚಾಗಿದ್ದು, ಕೀಲಿನೊಳಗೆ ಸೂಜಿಯಂಥ ಹರಳುಗಳಾಗಿ ಕೂತಾಗ ಹೀಗಾಗುತ್ತೆ. ನಡುವಯಸ್ಸಿನ ಗಂಡಸರಲ್ಲಿ ಜಾಸ್ತಿ. ಹೆಂಗಸರಲ್ಲಿ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ.

ಈಗ ಬೇಳೆ ಪ್ರಶ್ನೆಗೆ ಬರೋಣ. 2004ರಲ್ಲಿ ಅಮೆರಿಕದಲ್ಲಿ ಸಾವಿರಾರು ಗಂಡಸರ ಊಟವನ್ನ ಹಲವು ವರ್ಷ ಲೆಕ್ಕ ಇಟ್ಟು ನೋಡಿದ ಒಂದು ದೊಡ್ಡ ಅಧ್ಯಯನ ಪ್ರಕಟ ಆಯ್ತು. ಮಾಂಸ, ಮೀನು ಹೆಚ್ಚು ತಿನ್ನೋರಲ್ಲಿ ಗೌಟ್ ಹೆಚ್ಚು. ಪ್ಯೂರಿನ್ ಅಂಶ ಇರೋ ತರಕಾರಿಗಳಿಂದ ಹೆಚ್ಚಾಗಲಿಲ್ಲ. ಹಾಲು ಮೊಸರು ತಗೊಳ್ಳೋರಲ್ಲಿ ಕಡಿಮೆ ಇತ್ತು. ಹಾಗಾಗಿ ಗೌಟ್ ಇರೋರು ಮೊದಲು ಕೈ ತಡೆಯಬೇಕಾದ್ದು ಬಿಯರ್‌ಗೆ, ಸಕ್ಕರೆ ತುಂಬಿದ ಕೂಲ್ ಡ್ರಿಂಕ್ಸ್‌ಗೆ, ಲಿವರ್ ಫ್ರೈಗೆ, ಕರಾವಳಿಯವರಾದರೆ ಭೂತಾಯಿ ಮೀನಿಗೆ. ಪಾಪ, ಮನೆಯ ತೊಗರಿಬೇಳೆ ಸಾರಿನ ಮೇಲೆ ಯಾಕೆ ಕೋಪ? ಇನ್ನು ಮಂಡಿ ಸವೆತ ಇರೋ ಅಮ್ಮನಿಗೆ ಬೇಳೆ ಬಿಡಿಸೋದಂತೂ ಅನ್ಯಾಯ. ಆ ವಯಸ್ಸಿನಲ್ಲಿ ಸ್ನಾಯುವಿಗೆ ಬೇಕಾದ ಪ್ರೋಟೀನನ್ನೇ ಕಿತ್ಕೊಂಡ ಹಾಗೆ.

ಯೂರಿಕ್ ಆಸಿಡ್ ರಿಪೋರ್ಟ್ ಬಗ್ಗೆಯೂ ಒಂದು ಮಾತು. ಅದು ಹೆಚ್ಚಿದ್ದವರಿಗೆಲ್ಲ ಗೌಟ್ ಬರಲ್ಲ. ಗೌಟ್ ಕೆರಳಿದ ದಿನವೇ ಪರೀಕ್ಷೆ ಮಾಡಿಸಿದರೆ ಕೆಲವರಲ್ಲಿ ನಾರ್ಮಲ್ ಅಂತಲೂ ಬರುತ್ತೆ. ಆರ್‌ಎ ಫ್ಯಾಕ್ಟರ್ ಕತೆಯೂ ಅಷ್ಟೇ. ಕಾಯಿಲೆ ಇಲ್ಲದ ಹಿರಿಯರಲ್ಲೂ ಪಾಸಿಟಿವ್ ಬರಬಹುದು, ಕಾಯಿಲೆ ಇರೋರಲ್ಲೂ ನೆಗೆಟಿವ್ ಬರಬಹುದು. ಲ್ಯಾಬ್ ಚೀಟಿ ಒಂದು ಸಾಕ್ಷಿ, ಅಷ್ಟೇ. ತೀರ್ಪು ಕೊಡೋದು ಕೈ ಮುಟ್ಟಿ, ಕೀಲು ಆಡಿಸಿ ನೋಡೋ ವೈದ್ಯರು.

ನಾಲ್ಕನೆಯದು ಜ್ವರದ ಬೆನ್ನಿಗೆ ಬರೋ ನೋವು. 2006 ನೆನಪಿದೆಯಾ? ಚಿಕೂನ್‌ಗುನ್ಯ. ಆ ಒಂದು ವರ್ಷ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಊರಿಗೆ ಊರೇ ಬಗ್ಗಿಕೊಂಡು ನಡೆದಿತ್ತು. ಆ ಹೆಸರೇ ಆಫ್ರಿಕಾದ ಮಾಕೊಂಡೆ ಭಾಷೆಯಿಂದ ಬಂದದ್ದು. ಅರ್ಥ, ನೋವಿಗೆ ಬಗ್ಗಿಹೋಗೋದು ಅಂತ. ಜ್ವರ ವಾರದಲ್ಲಿ ಹೋದರೂ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಉಳೀತು. ಆದ್ದರಿಂದ ವೈದ್ಯರ ಹತ್ತಿರ ಹೋದಾಗ, ಹಿಂದೆ ಜ್ವರ ಬಂದಿತ್ತು ಅನ್ನೋದನ್ನ ಮರೀದೆ ಹೇಳಿ.

ಸರಿ, ಈಗ ಆ ಪುಡಿಯ ವಿಷಯ. ಮೂರು ದಿನಕ್ಕೆ ನೋವು ಮಾಯ ಆಗುತ್ತಾ? ಆಗುತ್ತೆ ಸ್ವಾಮಿ. ಅದೇ ನನ್ನ ಭಯ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾಕ್ಟರ್ ಫಿಲಿಪ್ ಹೆಂಚ್ ಮತ್ತು ಅವರ ತಂಡ, ರುಮಟಾಯ್ಡ್‌ನಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಒಂದು ಇಂಜೆಕ್ಷನ್ ಶುರುಮಾಡಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು, ಪೇಟೆಗೂ ಹೋಗಿಬಂದರು. ಜಗತ್ತೇ ಪವಾಡ ಅಂದಿತು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆ ಔಷಧಿ ಕಾರ್ಟಿಸೋನ್, ಅಂದರೆ ಸ್ಟೀರಾಯ್ಡ್. ಆಮೇಲೆ ಏನಾಯ್ತು? ಹೆಚ್ಚು ದಿನ ಕೊಟ್ಟವರಲ್ಲಿ ಮುಖ ಊದಿ ದುಂಡಗಾಯ್ತು, ಸಕ್ಕರೆ ಏರಿತು, ಬಿಪಿ ಏರಿತು, ಮೂಳೆ ಟೊಳ್ಳಾಯ್ತು, ಸೋಂಕುಗಳು ಹತ್ತಿಕೊಂಡವು. ವೈದ್ಯರು ಇವತ್ತಿಗೂ ಸ್ಟೀರಾಯ್ಡ್ ಬಳಸ್ತಾರೆ, ಆದರೆ ಅಳೆದು ತೂಗಿ, ಎಷ್ಟು ದಿನ ಅಂತ ನಿಗದಿ ಮಾಡಿ.

ಹೆಸರಿಲ್ಲದ ಪೊಟ್ಟಣದಲ್ಲಿ ಬರೋ ಎಷ್ಟೋ ಪುಡಿಗಳಲ್ಲಿ ಇದೇ ಸ್ಟೀರಾಯ್ಡ್ ಬೆರೆಸಿರೋದು ನಮ್ಮ ದೇಶದಲ್ಲಿ ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಸಿಕ್ಕಿದೆ. ಕೊಡೋರು ಹೇಳಲ್ಲ, ತಿನ್ನೋರಿಗೆ ಗೊತ್ತಿರಲ್ಲ. ನಾನು ಇಲ್ಲಿ ಆಯುರ್ವೇದವನ್ನ ದೂರ್ತಾ ಇಲ್ಲ. ಓದಿ ನೋಂದಣಿ ಆದ ಆಯುರ್ವೇದ ವೈದ್ಯರು ಚೀಟಿ ಬರೆದು, ಹೆಸರು ಹೇಳಿ ಔಷಧಿ ಕೊಡ್ತಾರೆ. ಹೆಸರು ಹೇಳದ ಔಷಧಿಯ ಬಗ್ಗೆ ಮಾತ್ರ ನನ್ನ ತಕರಾರು. ಈಗಾಗಲೇ ತಿಂಗಳುಗಟ್ಟಲೆ ಅಂಥ ಪುಡಿ ತಿಂದಿದ್ದೀರಾ? ಹೆದರಿ ಇವತ್ತೇ ಥಟ್ಟನೆ ನಿಲ್ಲಿಸಬೇಡಿ. ದೇಹ ತಾನೇ ತಯಾರಿಸೋ ಸ್ಟೀರಾಯ್ಡ್ ಅಷ್ಟರಲ್ಲಿ ನಿಂತುಹೋಗಿರಬಹುದು. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಅಪಾಯ ಆಗಬಹುದು. ಆ ಪೊಟ್ಟಣವನ್ನೇ ಕೈಯಲ್ಲಿ ಹಿಡ್ಕೊಂಡು ವೈದ್ಯರ ಹತ್ತಿರ ಬೇಗ ಹೋಗಿ. ಅವರು ನಿಧಾನಕ್ಕೆ ಇಳಿಸ್ತಾರೆ.

ಮೆಡಿಕಲ್ ಶಾಪ್‌ನಲ್ಲಿ 'ಒಂದು ನೋವಿನ ಮಾತ್ರೆ ಕೊಡಪ್ಪಾ' ಅಂತ ದಿನಾ ನುಂಗೋರಿಗೂ ಒಂದು ಕತೆ ಇದೆ. ರಾಮನಗರದ ರಾಮದೇವರ ಬೆಟ್ಟ ಗೊತ್ತಲ್ಲ, ಶೋಲೆ ಚಿತ್ರ ತೆಗೆದ ಜಾಗ. 2012ರಿಂದ ಅದು ರಣಹದ್ದುಗಳ ಧಾಮ. ಯಾಕೆ ಅವಕ್ಕೊಂದು ಧಾಮ ಬೇಕಾಯ್ತು? ತೊಂಬತ್ತರ ದಶಕದಿಂದ ದೇಶದಲ್ಲಿ ರಣಹದ್ದುಗಳು ಸಾಲುಸಾಲಾಗಿ ಸತ್ತವು. 2004ರಲ್ಲಿ ಕಾರಣ ಗೊತ್ತಾಯ್ತು: ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ. ದನಗಳಿಗೆ ಕೊಟ್ಟದ್ದು, ಸತ್ತ ದನ ತಿಂದ ಹದ್ದಿನ ಹೊಟ್ಟೆಗೆ ಹೋಯ್ತು, ಕಿಡ್ನಿ ಕೆಡಿಸಿತು. ಹೊರಗೆ ಹೋಗಬೇಕಾದ ಯೂರಿಕ್ ಆಮ್ಲ ಒಳಗಿನ ಅಂಗಾಂಗಗಳ ಮೇಲೆಲ್ಲ ಸುಣ್ಣದ ಹಾಗೆ ಕೂತುಬಿಟ್ಟಿತು. ಅಂದರೆ ಹದ್ದಿಗೆ ಬಂದದ್ದೂ ಒಂದು ಬಗೆಯ ಗೌಟೇ. 2006ರಲ್ಲಿ ಸರ್ಕಾರ ದನಗಳಿಗೆ ಆ ಔಷಧಿ ಕೊಡೋದನ್ನ ನಿಷೇಧಿಸಿತು. ಮನುಷ್ಯ ಹದ್ದಲ್ಲ, ಒಪ್ತೀನಿ. ನಮ್ಮ ದೇಹ ಅದನ್ನ ಹೆಚ್ಚು ತಡ್ಕೊಳ್ಳುತ್ತೆ. ಆದರೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರೋರು, ವಯಸ್ಸಾದವರು ಅದೇ ಜಾತಿಯ ಮಾತ್ರೆಯನ್ನ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಯೂ ಸೋಲಬಹುದು.

ಕಾನೂನು ಇಲ್ವಾ ಅಂತೀರಾ? ಇದೆ. 1954ರಲ್ಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಬಂದಿದೆ. ಇಂಥಿಂಥ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡಬಾರದು ಅನ್ನೋ ಪಟ್ಟಿಯಲ್ಲಿ ವಾತರೋಗವೂ ಇದೆ. ಎಪ್ಪತ್ತು ವರ್ಷ ಕಳೆದಿದೆ. ಗೋಡೆ ಮೇಲೆ, ಬಸ್ ಸ್ಟ್ಯಾಂಡಲ್ಲಿ, ನಿಮ್ಮ ಮೊಬೈಲಲ್ಲಿ 'ಸಂಧಿವಾತ ಶಾಶ್ವತ ಪರಿಹಾರ' ಇನ್ನೂ ಮಿಂಚ್ತಾ ಇದೆ. ಕ್ರಮ ತಗೋಬೇಕಾದವರು ನಿದ್ದೆಯಲ್ಲಿದ್ದಾರೆ. ಅವರನ್ನ ಎಬ್ಬಿಸೋ ಕೆಲಸ ನಮ್ಮದು, ಮಾಡ್ತೀವಿ. ಅಲ್ಲಿವರೆಗೆ ನಿಮ್ಮ ಕೀಲಿಗೆ ನೀವೇ ಕಾವಲು.

ಮುಂದಿನ ಸಲ ವೈದ್ಯರ ಮುಂದೆ ಕೂತಾಗ ಮೂರೇ ಪ್ರಶ್ನೆ ಕೇಳಿ. ನನ್ನ ನೋವಿನ ಹೆಸರೇನು? ಈ ಮಾತ್ರೆಯ ಹೆಸರೇನು? ಎಷ್ಟು ದಿನ ತಗೋಬೇಕು? ಉತ್ತರವನ್ನ ಚೀಟಿ ಹಿಂದೆ ಬರೆಸ್ಕೊಳ್ಳಿ. ಬೆರಳು ಊದಿ ಆರು ವಾರ ದಾಟಿದ್ದರೆ ಕೀಲುರೋಗದ ತಜ್ಞರು, ಅಂದರೆ ರುಮಟಾಲಜಿಸ್ಟ್ ಹತ್ತಿರ ಹೋಗಿ. ಒಂದೇ ಒಂದು ಕೀಲು ದಿಢೀರನೆ ಊದಿ, ಬಿಸಿಯಾಗಿ, ಜೊತೆಗೆ ಜ್ವರ ಇದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಕೀಲಿನೊಳಗೆ ಕೀವು ತುಂಬಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

ನಮ್ಮ ಅಮ್ಮಂದಿರು, ಅಜ್ಜಿಯರು ತಮ್ಮ ನೋವಿಗೆ ಹೆಸರು ಕೇಳಿದವರಲ್ಲ. 'ವಯಸ್ಸಾಯ್ತಲ್ಲ, ಇರುತ್ತೆ ಬಿಡು' ಅಂತ ಸೆರಗು ಸಿಕ್ಕಿಸ್ಕೊಂಡು ಕೆಲಸಕ್ಕೆ ನಿಂತವರು. ಅವರ ಪರವಾಗಿ ಆ ಪ್ರಶ್ನೆಯನ್ನ ನೀವು ಕೇಳಿ.