ಬಾಲಯೇಸುವಿಗೆ ಅಕ್ಕ ಇಲ್ವಾ ಅಮ್ಮ?

(ಮಹಿಳಾ ಸ್ವಸಹಾಯ ಸಂಘಗಳ ವಾರ್ಷಿಕ ಸಮಾವೇಶದಲ್ಲಿ, ಮಲೆನಾಡು ಭಾಗದ ಸಂಘವೊಂದರ ಸದಸ್ಯೆ ‘ಮನೆಯಲ್ಲಿ ಮಕ್ಕಳು’ ಎಂಬ ವಿಷಯವಾಗಿ ಮಾಡಿದ ಭಾಷಣದ ಬರಹ ರೂಪ.)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ಸಂಘದ ಲೆಕ್ಕ ಓದಿ ಅಂದರೆ ಓದಬಲ್ಲೆ. ಮಕ್ಕಳ ಬಗ್ಗೆ ಮಾತಾಡಿ ಅಂತ ಸಿಸ್ಟರ್ ಹೇಳಿದಾಗ, “ನಾನೇನು ಟೀಚರಾ, ಡಾಕ್ಟರಾ?” ಎಂದು ಕೇಳಿದೆ. “ಮೂರು ಮಕ್ಕಳ ತಾಯಿ ಅಲ್ವಾ, ನಡೆದದ್ದು ಹೇಳಿ, ಸಾಕು” ಅಂದರು. ಆದ್ದರಿಂದ ನಡೆದದ್ದನ್ನೇ ಹೇಳುತ್ತೇನೆ. ಮಕ್ಕಳ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಮನೆಯಲ್ಲಿ ನನಗೇ ಬೈಗುಳ! ದೊಡ್ಡವಳು, ನಡುವಿನವನು, ಚಿಕ್ಕವನು ಎನ್ನುತ್ತೇನೆ.

ನಾವು ಕಾಫಿ ತೋಟದ ಲೈನ್ ಮನೆಯವರು. ನಾನೂ ನಮ್ಮ ಯಜಮಾನರೂ ತೋಟದ ಕೆಲಸಕ್ಕೆ ಹೋಗುವವರು. ಒಂದು ಕೋಣೆ, ಒಂದು ಅಡುಗೆಮನೆ, ಅದರೊಳಗೆ ಮೂರು ಮಕ್ಕಳು. ಅಲ್ಲಿ ನಗುವಿಗೂ ಕಡಿಮೆ ಇಲ್ಲ, ಜಗಳಕ್ಕೂ ಕಡಿಮೆ ಇಲ್ಲ.

ನಡುವಿನವನು ಹುಟ್ಟಿದಾಗ ದೊಡ್ಡವಳಿಗೆ ನಾಲ್ಕು ವರ್ಷ. ಮಗುವಿಗೆ ಇಪ್ಪತ್ತು ದಿನ ಇರಬಹುದು. ನಾನು ಬಟ್ಟೆ ಒಣಗಿಸಲು ಹೊರಗೆ ಹೋಗಿದ್ದೆ. ತೊಟ್ಟಿಲು ಅಳುತ್ತಿತ್ತು, ಇದ್ದಕ್ಕಿದ್ದಂತೆ ಸುಮ್ಮನಾಯಿತು. ತಾಯಂದಿರಿಗೆ ಗೊತ್ತು, ಮಗು ಅತ್ತರೆ ಅಷ್ಟು ಭಯ ಇಲ್ಲ, ಸುಮ್ಮನಾದರೆ ಭಯ. ಓಡಿ ಬಂದು ನೋಡಿದರೆ ಇವಳು ತೊಟ್ಟಿಲಿಗೆ ಬಗ್ಗಿ ನಿಂತಿದ್ದಾಳೆ, ಬಾಯಿ ತುಂಬ ಅವಲಕ್ಕಿ. “ಏನೇ ಮಾಡ್ತಿದ್ದೀಯ?” ಅಂದೆ. “ತಮ್ಮನಿಗೆ ಹಲ್ಲಿಲ್ಲ ಅಲ್ವಾ ಅಮ್ಮ, ನಾನೇ ಅಗಿದು ಕೊಡ್ತಿದ್ದೀನಿ” ಅಂದಳು. ದೇವರ ದಯೆ, ಇನ್ನೂ ಕೊಟ್ಟಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಳೆ ಮಗುವಿಗೆ ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂದು ಆಶಾ ಕಾರ್ಯಕರ್ತೆಯರು ನಮಗೆ ಹೇಳುತ್ತಾರಲ್ಲ, ಅದನ್ನು ಮನೆಯಲ್ಲಿರುವ ದೊಡ್ಡ ಮಗುವಿಗೂ ಹೇಳಿಕೊಡಬೇಕು ಎಂದು ಅವತ್ತು ಕಲಿತೆ. ಪ್ರೀತಿಯಿಂದಲೇ ಕೊಡುತ್ತವೆ, ಆದರೆ ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

ಮೂರು ವರ್ಷ ಕಳೆದು ಚಿಕ್ಕವನು ಹುಟ್ಟಿದ. ಆಸ್ಪತ್ರೆಯಿಂದ ಮನೆಗೆ ತಂದು ಚಾಪೆಯ ಮೇಲೆ ಮಲಗಿಸಿದೆವು. ನಡುವಿನವನು ಸುತ್ತ ಮುತ್ತ ಎರಡು ಸಲ ತಿರುಗಿ ನೋಡಿದ. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ ಕೇಳಿದ: “ಇವನು ಊಟ ಮಾಡ್ಕೊಂಡು ಹೋಗ್ತಾನಾ, ಇಲ್ಲೇ ಮಲಗ್ತಾನಾ?” ನೆಂಟರು ಬಂದಿದ್ದಾರೆ ಎಂದುಕೊಂಡಿದ್ದ!

ನೆಂಟ ಹೋಗುವುದಿಲ್ಲ ಎಂದು ಗೊತ್ತಾದ ಮೇಲೆ ಅವನ ಆಟ ಶುರುವಾಯಿತು. ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದವನು ಮತ್ತೆ ಶುರು ಮಾಡಿದ. ಚೆನ್ನಾಗಿ ಮಾತಾಡುತ್ತಿದ್ದವನು ತೊದಲತೊಡಗಿದ. ನಾನು ಎರಡು ಬಾರಿ ಹೊಡೆದೆ. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಅಂಗನವಾಡಿ ಟೀಚರ್ ಹೇಳಿದರು, “ಹೊಡೀಬೇಡಿ. ತಾನೂ ಚಿಕ್ಕವನಾದರೆ ಅಮ್ಮ ಎತ್ಕೊಳ್ತಾರೆ ಅಂತ ಅವನ ಲೆಕ್ಕ. ದಿನಾ ಸ್ವಲ್ಪ ಹೊತ್ತು ಅವನೊಬ್ಬನನ್ನೇ ಮಡಿಲಲ್ಲಿ ಕೂರಿಸ್ಕೊಳ್ಳಿ.” ಹಾಗೇ ಮಾಡಿದೆ. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಅವನ ಸರದಿ. ಮಗುವಿನ ಬಟ್ಟೆ ತಂದುಕೊಡುವ ಕೆಲಸವನ್ನೂ ಅವನಿಗೇ ಕೊಟ್ಟೆ. ಒಂದು ತಿಂಗಳೊಳಗೆ ಸರಿಹೋದ.

ಬಿಸ್ಕತ್ತಿನ ಕಥೆ ಎಲ್ಲರ ಮನೆಯಲ್ಲೂ ಇದೆ. ಒಂದು ಸಂಜೆ ಪಾರ್ಲೆ-ಜಿ ಪೊಟ್ಟಣದಲ್ಲಿ ಕೊನೆಗೆ ಒಂದೇ ಒಂದು ಉಳಿಯಿತು. ಒಬ್ಬರು ಮುರಿಯಬೇಕು, ಮೊದಲು ಆರಿಸುವವರು ಇನ್ನೊಬ್ಬರು ಎಂದು ನಮ್ಮ ಯಜಮಾನರು ಕಾನೂನು ಮಾಡಿದ್ದರು. ಮುರಿಯುವ ಸರದಿ ದೊಡ್ಡವಳದ್ದು. ಶಾಲೆಯ ಚೀಲದಿಂದ ಸ್ಕೇಲ್ ತಂದು, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಉಸಿರು ಬಿಗಿ ಹಿಡಿದು ಮುರಿದಳು. ನಡುವಿನವನು ಎರಡು ತುಂಡನ್ನೂ ದೀಪದ ಬೆಳಕಿಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದ. ಅಷ್ಟರಲ್ಲಿ ಚಿಕ್ಕವನು ಅಂಬೆಗಾಲಿಟ್ಟು ಬಂದು ಎರಡಕ್ಕೂ ನಾಲಿಗೆ ತಾಗಿಸಿದ. ಕೇಸು ಅಲ್ಲಿಗೇ ಮುಗಿಯಿತು!

ಇನ್ನೊಂದು ಸಲ ದೊಡ್ಡವಳಿಗೆ ಜ್ವರ. ಜ್ವರ ಅಂದರೆ ನಮ್ಮ ಮನೆಗೆ ಬ್ರೆಡ್ ಬರುತ್ತದೆ, ಮಕ್ಕಳಿಗೆಲ್ಲ ಪಾಲು ಸಿಗುತ್ತದೆ. ಸಂಜೆ ಜಪಸರ ಆದ ಮೇಲೆ ಒಬ್ಬೊಬ್ಬರೂ ತಮ್ಮ ಕೋರಿಕೆ ಹೇಳುವುದು ನಮ್ಮ ರೂಢಿ. ನಡುವಿನವನು ಕಣ್ಣು ಮುಚ್ಚಿ, ಕೈ ಮುಗಿದು ಪ್ರಾರ್ಥಿಸಿದ: “ಯೇಸುವೇ, ಅಕ್ಕನ ಜ್ವರ ವಾಸಿ ಮಾಡು. ಆದ್ರೆ ಬ್ರೆಡ್ ಖಾಲಿ ಆದ್ಮೇಲೆ ಮಾಡು.”

ನೀವೆಲ್ಲ ನಗುತ್ತಿದ್ದೀರಿ, ಸಂತೋಷ. ಆದರೆ ನಾನು ಇಲ್ಲಿ ನಿಂತದ್ದು ಇನ್ನೊಂದು ಮಾತು ಹೇಳುವುದಕ್ಕೆ.

ಹನ್ನೆರಡು ವರ್ಷದ ಹಿಂದಿನ ಮಾತು. ಆ ಮಳೆಗಾಲದಲ್ಲಿ ನಮ್ಮ ಅತ್ತೆ ತೀರಿಕೊಂಡರು. ಅಲ್ಲಿಯವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಜೋರಾಯಿತು. ಕುಯ್ಲಿನ ಕಾಲದಲ್ಲಿ ನಾಲ್ಕು ಕಾಸು ಹೆಚ್ಚು ಸಿಗುವುದು. ಆಗ ಬಿಟ್ಟರೆ ಮಳೆಗಾಲದಲ್ಲಿ ಕೈ ಖಾಲಿ. ನಡುವಿನವನಿಗೆ ಐದು ವರ್ಷ, ಅಂಗನವಾಡಿಗೆ ಹೋಗುತ್ತಿದ್ದ. ಚಿಕ್ಕವನಿಗೆ ಎರಡು ವರ್ಷ, ಅವನನ್ನು ಅಲ್ಲಿ ಬಿಡುವಂತಿರಲಿಲ್ಲ. ದೊಡ್ಡವಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. “ಇವತ್ತೊಂದು ದಿನ ತಮ್ಮನ್ನ ನೋಡ್ಕೋ ಮಗಳೇ” ಅಂದೆ. ಮರುದಿನವೂ ಅದೇ ಮಾತು ಹೇಳಿದೆ. ಆಮೇಲೆ ಹೇಳುವುದೇ ಬೇಡವಾಯಿತು. ಅವಳೇ ಬೆಳಿಗ್ಗೆ ಎದ್ದು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದಳು. “ನಿನ್ನ ಮಗಳು ಎಷ್ಟು ಜಾಣೆ, ದೊಡ್ಡ ಹೆಂಗಸಿನ ಹಾಗೆ” ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು. ನನಗೂ ಹೆಮ್ಮೆ.

ಆ ಕ್ರಿಸ್‌ಮಸ್ ರಾತ್ರಿ ಪೂಜೆ ಮುಗಿದ ಮೇಲೆ ಎಲ್ಲರೂ ದೇವಾಲಯದಲ್ಲಿ ಗೋದಲಿ ನೋಡಲು ನಿಂತಿದ್ದೆವು. ನಡುವಿನವನು ಬಾಲಯೇಸುವನ್ನೇ ನೋಡುತ್ತಾ ಕೇಳಿದ: “ಬಾಲಯೇಸುವಿಗೆ ಅಕ್ಕ ಇಲ್ವಾ ಅಮ್ಮ?”

“ಇಲ್ಲ ಮಗ” ಅಂದೆ.

“ಹಾಗಾದ್ರೆ ಪಾಪು ಅತ್ರೆ ಎತ್ಕೊಳ್ಳೋರು ಯಾರು?”

ಹಿಂದೆ ನಿಂತವರು ನಕ್ಕರು. “ಅಲ್ಲೇ ಅವರ ಅಮ್ಮ ಇದ್ದಾರಲ್ಲೋ, ಮರಿಯಮ್ಮನವರು” ಅಂದೆ.

“ಅಮ್ಮ ಕೆಲಸಕ್ಕೆ ಹೋಗ್ತಾರಲ್ಲ?”

ಆಗ ಯಾರೂ ನಗಲಿಲ್ಲ. ನಾನು ತಿರುಗಿ ನೋಡಿದೆ. ದೊಡ್ಡವಳು ಹಿಂದೆ ನಿಂತಿದ್ದಳು. ಚಿಕ್ಕವನು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅವಳ ಸೊಂಟ ಒಂದು ಕಡೆಗೆ ವಾಲಿತ್ತು. ಅವಳ ವಯಸ್ಸಿನ ಹುಡುಗಿಯರು ಹೊಸ ಫ್ರಾಕ್ ಹಾಕಿಕೊಂಡು ಓಡಾಡುತ್ತಿದ್ದರು. ಇವಳೂ ಹೊಸ ಫ್ರಾಕ್ ಹಾಕಿದ್ದಳು. ಆದರೆ ಅದರ ಮೇಲೆ ತಮ್ಮನ ಜೊಲ್ಲು ಇತ್ತು, ಅವಳ ಕಣ್ಣು ಓಡಾಡುವ ಹುಡುಗಿಯರ ಕಡೆ ಇತ್ತು.

ರಜೆ ಮುಗಿದ ಮೇಲೆ ಶಾಲೆಯ ಮೇಡಂ ಕರೆಸಿದರು. “ಡಿಸೆಂಬರ್‌ನಲ್ಲಿ ಒಂಬತ್ತು ದಿನ ಬಂದಿಲ್ಲ” ಎಂದು ಹಾಜರಿ ಪುಸ್ತಕ ತೋರಿಸಿದರು. ದಾರಿಯಲ್ಲಿ ಬರುತ್ತಾ, “ಶಾಲೆ ಬೇಜಾರಾ?” ಎಂದು ಅವಳನ್ನು ಕೇಳಿದೆ. “ಇಲ್ಲಮ್ಮ. ನಾನು ಹೋಗೋ ಹೊತ್ತಿಗೆ ಭಾಗಾಕಾರ ಹೇಳಿಕೊಟ್ಟು ಮುಗಿಸಿಬಿಟ್ಟಿದ್ರು” ಅಂದಳು. ಅಷ್ಟೇ ಮಾತು. ಒಂದು ದೂರು ಇಲ್ಲ, ಅಳು ಇಲ್ಲ. ಬಿಸ್ಕತ್ತನ್ನು ಸ್ಕೇಲ್ ಹಿಡಿದು ಸಮನಾಗಿ ಮುರಿದ ಮಗುವಿಗೆ ನಾನು ಭಾಗಾಕಾರ ತಪ್ಪಿಸಿದ್ದೆ.

ಆ ವಾರದ ಸಂಘದ ಸಭೆಯಲ್ಲಿ, ಉಳಿತಾಯ ಕಟ್ಟಿದ ಮೇಲೆ, ನಾಚಿಕೆ ಬಿಟ್ಟು ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು, ಇನ್ನೂ ಮೂವರ ಮನೆಯಲ್ಲಿ ಇದೇ ಕಥೆ. ಮೂರು ಮನೆಯಲ್ಲೂ ದೊಡ್ಡ ಹುಡುಗಿಯೇ ಮನೆಯಲ್ಲಿ. ಹುಡುಗನನ್ನು ಉಳಿಸಿದ್ದು ಒಂದು ಮನೆಯೂ ಇಲ್ಲ! ನಮ್ಮ ಲೈನಿನಲ್ಲಿ ಕುಯ್ಲಿಗೆ ಹೋಗಲಾಗದ ಒಬ್ಬ ಅಜ್ಜಿ ಇದ್ದರು. ನಾಲ್ಕು ಮನೆಯವರೂ ಸೇರಿ ದಿನಕ್ಕೆ ಹತ್ತು ಹತ್ತು ರೂಪಾಯಿ ಮತ್ತು ಅಜ್ಜಿಯ ಮಧ್ಯಾಹ್ನದ ಊಟ ಕೊಡುವುದೆಂದು ಮಾಡಿದೆವು. ಐದು ಮಕ್ಕಳು ಅಜ್ಜಿಯ ಜಗಲಿಗೆ ಬಂದವು. ಸರದಿಯಂತೆ ದಿನಕ್ಕೊಬ್ಬ ತಾಯಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ನೋಡಿ ಹೋಗುವುದು. ತೋಟದ ರೈಟರ ಹತ್ತಿರ ಮಾತಾಡಿ ಅದಕ್ಕೆ ಒಪ್ಪಿಗೆ ಪಡೆದೆವು.

ಮನೆಯಲ್ಲಿ ಯಜಮಾನರಿಗೂ ಹೇಳಿದೆ. ಅವರು ಬೆಳಿಗ್ಗೆ ಮಕ್ಕಳಿಗೆ ಸ್ನಾನ ಮಾಡಿಸುವುದು, ಮಗಳಿಗೆ ಜಡೆ ಹಾಕುವುದು ಎಂದಾಯಿತು. ಮೊದಲ ದಿನ ಅವರು ಹಾಕಿದ ಎರಡು ಜಡೆಯಲ್ಲಿ ಒಂದು ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ! “ಸರಿ ಮಾಡ್ಲಾ?” ಅಂದೆ. “ಬೇಡಮ್ಮ, ಅಪ್ಪ ಹಾಕಿದ್ದು” ಎಂದು ಹಾಗೇ ಶಾಲೆಗೆ ಓಡಿದಳು.

ಸಂಜೆ ಬಂದಾಗ ಚಿಕ್ಕವನು ಎರಡೂ ಕೈ ಚಾಚಿ ಅವಳ ಕಡೆ ಓಡಿದ. “ಇವತ್ತು ಎತ್ಕೊಳ್ಳಲ್ಲ, ನಾನು ಆಡಕ್ಕೆ ಹೋಗ್ತೀನಿ” ಎಂದು ಕುಂಟೆಬಿಲ್ಲೆಗೆ ಹೋದಳು. ಐದು ನಿಮಿಷಕ್ಕೆ ಅವಳೇ ವಾಪಸ್ ಬಂದಳು. “ಪಾಪ, ಬಿಲ್ಲೆ ಎಸೆಯೋಕೆ ಅವನೂ ಬರ್ಲಿ” ಎಂದು ಕೈ ಹಿಡಿದು ನಡೆಸಿಕೊಂಡು ಹೋದಳು. ಎತ್ತಿಕೊಳ್ಳಲಿಲ್ಲ, ನಡೆಸಿಕೊಂಡು ಹೋದಳು. ಆ ವ್ಯತ್ಯಾಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೈಬಲಿನ ವಿಮೋಚನಾಕಾಂಡದಲ್ಲಿ ಮೋಶೆಯ ಅಕ್ಕನ ಕಥೆ ಬರುತ್ತದೆ. ಎಳೆ ಮಗುವನ್ನು ಬುಟ್ಟಿಯಲ್ಲಿಟ್ಟು ನದಿಯ ದಡದಲ್ಲಿ ಬಿಟ್ಟಾಗ ಆ ಹುಡುಗಿ ದೂರದಲ್ಲಿ ನಿಂತು ಕಾಯುತ್ತಾಳೆ. ರಾಜಕುಮಾರಿಗೆ ಮಗು ಸಿಕ್ಕಾಗ ಧೈರ್ಯವಾಗಿ ಹೋಗಿ, ಹಾಲು ಕೊಡಲು ಒಬ್ಬ ಹೆಂಗಸನ್ನು ಕರೆತರಲೇ ಎಂದು ಕೇಳಿ, ಹೆತ್ತ ತಾಯಿಯನ್ನೇ ಕರೆತರುತ್ತಾಳೆ. ನಾನು ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೆ. ಆ ವರ್ಷದ ನಂತರ ಅದರ ಅರ್ಥ ಆಯಿತು. ಅಕ್ಕ ಸ್ವಲ್ಪ ಹೊತ್ತು ಕಾದಳು, ಆಮೇಲೆ ತಾಯಿಯನ್ನು ಕರೆತಂದಳು. ಮಗುವನ್ನು ಸಾಕುವ ಭಾರ ಅವಳ ತಲೆಯ ಮೇಲೆ ಬೀಳಲಿಲ್ಲ. ಅಕ್ಕನ ಕೆಲಸ ಅಷ್ಟೇ. ಸಾಕುವುದು ದೊಡ್ಡವರ ಕೆಲಸ.

ತಮ್ಮನನ್ನು ಎತ್ತಿಕೊಳ್ಳಬಾರದು, ಮನೆಯಲ್ಲಿ ಒಂದು ಲೋಟ ತೊಳೆಯಬಾರದು ಎಂದು ನಾನು ಹೇಳುತ್ತಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡೇ ಮಕ್ಕಳು ಪ್ರೀತಿ ಕಲಿಯುವುದು. ಆದರೆ ಅದಕ್ಕೋಸ್ಕರ ಶಾಲೆ ತಪ್ಪಿದರೆ, ಆಟ ತಪ್ಪಿದರೆ, ಅದು ನಾವು ಮಗುವಿನಿಂದ ತೆಗೆದುಕೊಂಡ ಸಾಲ. ಬ್ಯಾಂಕಿನ ಸಾಲ ತೀರಿಸಬಹುದು, ಇದನ್ನು ತೀರಿಸುವುದು ಕಷ್ಟ.

ಇವತ್ತು ಸಣ್ಣ ಮಕ್ಕಳಿರುವ ತಾಯಂದಿರಿಗೆ ನಮಗಿಂತ ದಾರಿ ಹೆಚ್ಚು ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ, ಕಡ್ಡಾಯ ಶಿಕ್ಷಣ. ನಾನು ಮಗಳನ್ನು ಮನೆಯಲ್ಲಿ ನಿಲ್ಲಿಸಿದಾಗಲೂ ಆ ಕಾಯ್ದೆ ಇತ್ತು, ನಾನೇ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. 3 ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಶುರು ಮಾಡಿದರು. ಕೂಲಿಗೆ ಹೋಗುವ ತಾಯಂದಿರ ಎಳೆ ಮಕ್ಕಳಿಗಾಗಿಯೇ ಮಾಡಿದ್ದು. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಎಂದು ಸಂಘದಿಂದ ಹೋಗಿ ಕೇಳಿ. ಇಲ್ಲದಿದ್ದರೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ಈಗ ದೊಡ್ಡವಳು ಹಾಸ್ಟೆಲ್‌ನಲ್ಲಿದ್ದು ಪದವಿ ಓದುತ್ತಿದ್ದಾಳೆ. ನಡುವಿನವನು ಪಿಯುಸಿ. ಚಿಕ್ಕವನು ಒಂಬತ್ತನೇ ತರಗತಿ, ಅಕ್ಕನಿಗಿಂತ ಅರ್ಧ ಅಡಿ ಎತ್ತರ. ಅವಳು ರಜೆಗೆ ಬಂದು ಬಸ್ಸಿಳಿದರೆ ಚೀಲ ಹೊರುವವನು ಅವನೇ. “ಎರಡು ವರ್ಷ ನಿನ್ನ ಹೊತ್ತಿದ್ದೀನಿ, ಇನ್ನೂ ಬಾಕಿ ಇದೆ” ಎಂದು ಅವಳು ರೇಗಿಸುತ್ತಾಳೆ. ಬಿಸ್ಕತ್ತಿಗೆ ಈಗಲೂ ಜಗಳ ಆಗುತ್ತದೆ, ಸ್ಕೇಲ್ ಮಾತ್ರ ಇಲ್ಲ!

ಅಕ್ಕತಂಗಿಯರೇ, ಒಂದೇ ಒಂದು ಕೋರಿಕೆ. ಇವತ್ತು ಸಂಜೆ ಮನೆಗೆ ಹೋದ ಮೇಲೆ, “ಪಾತ್ರೆ ತೊಳೆದ್ಯಾ? ತಮ್ಮ ಊಟ ಮಾಡಿದ್ನಾ?” ಎಂದು ಕೇಳುವ ಮೊದಲು, ನಿಮ್ಮ ದೊಡ್ಡ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇವತ್ತು ನೀನು ಏನು ಆಟ ಆಡಿದೆ?” ಎಂದು ಕೇಳಿ. ಉತ್ತರ ಬರಲು ತಡವಾದರೆ ಸ್ವಲ್ಪ ಯೋಚನೆ ಮಾಡಿ.

ತಪ್ಪು ಮಾತಾಡಿದ್ದರೆ ಕ್ಷಮಿಸಿ. ದೇವರು ನಿಮ್ಮೆಲ್ಲರ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.