ಕೆಳಗಿನ ಅಂಗಳದಲ್ಲಿ ಕಾಯುವವರು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡವೊಂದು ತನ್ನ ಕಾಯ್ದಿಟ್ಟ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದಾದ ಹೆಸರುಗಳು 40. ಉಳಿದವರು ಮೈನರ್ ಲೀಗ್‌ನ ಸಣ್ಣ ಊರುಗಳಲ್ಲಿ ಆಡುತ್ತಾ, ಬಸ್ಸಿನಲ್ಲಿ ಊರೂರು ಸುತ್ತುತ್ತಾ ಕರೆಗಾಗಿ ಕಾಯುತ್ತಾರೆ. ಅವರನ್ನು ಬರೀ ಅಂಕಿಗಳಿಂದ ಅಳೆದರೆ ಮೋಸಹೋಗುತ್ತೇವೆ. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ರಾಬರ್ಟೊ ಕ್ಲೆಮೆಂಟೆ ಎಂಬ ಯುವ ಆಟಗಾರನನ್ನು ತನ್ನ ಮಾಂಟ್ರಿಯಲ್ ಮೈನರ್ ಲೀಗ್ ತಂಡದಲ್ಲಿ ಹೆಚ್ಚುಕಡಿಮೆ ಬೆಂಚಿನ ಮೇಲೇ ಕೂರಿಸಿತ್ತು. ಬೇರೊಬ್ಬ ಆಟಗಾರನನ್ನು ನೋಡಲು ಬಂದಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಕ್ಲೈಡ್ ಸುಕ್‌ಫೋರ್ತ್, ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಈ ಹುಡುಗ ಚೆಂಡೆಸೆಯುವ ರಭಸ ಕಂಡು ಬೆರಗಾದರು. ಆ ನವೆಂಬರಿನಲ್ಲೇ ಪೈರೇಟ್ಸ್ ಅವನನ್ನು ಆರಿಸಿಕೊಂಡಿತು. ಮುಂದಿನ 18 ವರ್ಷಗಳಲ್ಲಿ ಅವನು ಗಳಿಸಿದ್ದು 3,000 ಹಿಟ್‌ಗಳು!

ಹಾಗೆ ಒಂದು ತಂಡದ ಪಟ್ಟಿಯ ಹೊರಗಿರುವವರನ್ನು ಬೇರೆ ತಂಡ ಆರಿಸಿಕೊಳ್ಳಲು ಅವಕಾಶ ಕೊಡುವ ನಿಯಮ ‘ರೂಲ್ 5’ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ಸಾಕಿ ಬೆಳೆಸಿದವರ ಕೈಯಿಂದ ಕಿತ್ತುಕೊಳ್ಳುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಆದರೆ ಈಗ ಆಟಗಾರನನ್ನು ಆ 40ರ ಪಟ್ಟಿಗೆ ಸೇರಿಸಿಕೊಳ್ಳಲು ತಂಡಕ್ಕೆ ಮೊದಲು ನಾಲ್ಕೈದು ವರ್ಷಗಳ ಸಮಯ ಸಿಕ್ಕಿರುತ್ತದೆ. ಆರಿಸಿಕೊಂಡವರೂ ಅವನನ್ನು ಮರುವರ್ಷವಿಡೀ ಮೇಜರ್ ಲೀಗ್ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು, ಇಲ್ಲವಾದರೆ ಹಳೆಯ ತಂಡಕ್ಕೆ ಮರಳಿಸಲು ಮುಂದಾಗಬೇಕು. ಆಟಗಾರನ ಹರೆಯವನ್ನು ಮಾತ್ರ ಯಾರೂ ಮರಳಿಸಲಾರರು. ಹೆಚ್ಚಿನವರು ಹೇಗೂ ಮೇಲೇರುವುದಿಲ್ಲವಲ್ಲ ಎಂಬ ಮಾತು ನಿಜ. ಅದಕ್ಕೇ 2023ರಲ್ಲಿ ಮೈನರ್ ಲೀಗ್ ಆಟಗಾರರಿಗೆ ಸಿಕ್ಕ ಮೊದಲ ಕಾರ್ಮಿಕ ಒಪ್ಪಂದ ನನಗೆ ದೊಡ್ಡದಾಗಿ ಕಾಣುತ್ತದೆ: ಮೈನರ್ ಲೀಗ್‌ನ ಅತಿ ಮೇಲಿನ ಹಂತದಲ್ಲಿ ವರ್ಷದ ಕನಿಷ್ಠ ಸಂಬಳ 17,500 ಡಾಲರಿನಿಂದ 35,800ಕ್ಕೆ ಏರಿತು.