ಕಾವೇರಿಯ ಮೀನಿಗೆ ಲೋಣಾವಳದ ನಂಟು

(ಡೊಂಬಿವಲಿಯಲ್ಲಿ ನೀಡಿದ ಉಪನ್ಯಾಸ)



ಉತ್ತರ ಅಮೆರಿಕದ ಪಶ್ಚಿಮದ ನದಿಗಳಲ್ಲಿ ಸಾಲ್ಮನ್ ಹಿಡಿದು ಬದುಕುವ ಮೂಲನಿವಾಸಿಗಳಿಗೆ, ಬಲೆಗೆ ಬಿದ್ದ ಮೀನು ಯಾವ ತೊರೆಯಲ್ಲಿ ಹುಟ್ಟಿತೆಂಬುದು ಹಕ್ಕಿನ ಪ್ರಶ್ನೆ. ಕ್ಷೀಣಿಸಿದ ತೊರೆಯ ಸಂತತಿ ಬೀಳುತ್ತಿದ್ದರೆ ಬಲೆ ಬೀಸುವುದನ್ನು ನಿಲ್ಲಿಸಬೇಕು. ಇಲ್ಲವಾದರೆ ಅವರ ತುತ್ತನ್ನು ವೃಥಾ ಕಸಿಯಬಾರದು. ಅದನ್ನರಿಯಲು ಹುರುಪೆಯ ಉಂಗುರ, ಕಿವಿಯೊಳಗಿನ ಸಣ್ಣ ಕಲ್ಲಿನ ರಾಸಾಯನಿಕ ಗುರುತು, ಡಿ.ಎನ್.ಎ. ಎಂಬ ಸಾಕ್ಷಿಗಳಿವೆ. ಪ್ರತಿ ತೊರೆಯ ಮಾದರಿಯನ್ನು ಮೊದಲೇ ಸಂಗ್ರಹಿಸಿಟ್ಟು, ಬಲೆಯ ಮೀನನ್ನು ಅದರೊಡನೆ ಹೋಲಿಸಿ, ಆಯಾ ತೊರೆಯ ಪಾಲನ್ನು ಅಂದಾಜು ಮಾಡುತ್ತಾರೆ. ಮಾದರಿಯಿಲ್ಲದ ತೊರೆಯ ಮೀನು ಬೇರೊಂದರ ಲೆಕ್ಕಕ್ಕೆ ಸೇರಿಹೋಗುತ್ತದೆ.

ಕಾವೇರಿಗೂ ಈ ಪಾಠ ಸಲ್ಲುತ್ತದೆ. ಕಿತ್ತಳೆ ಈಜುರೆಕ್ಕೆಯ ಡುಬ್ಬದ ಮಹಶೀರ್ ಅಲ್ಲಿಯದೇ ಮೀನು. ಕಲ್ಯಾಣದಿಂದ ಪುಣೆಗೆ ಹೋಗುವ ಹಾದಿಯ ಲೋಣಾವಳದಲ್ಲಿ, ಟಾಟಾ ಸಂಸ್ಥೆಯ ಕೇಂದ್ರ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದೀಚೆಗೆ, ಸದುದ್ದೇಶದಿಂದಲೇ, ಕಾವೇರಿಗೂ ಬಿಡಲಾಯಿತು. ‘ಮಹಶೀರ್’ ಎಂಬ ಒಂದೇ ಹೆಸರಿನಡಿ ಎಣಿಸಿದಾಗ ಸಂಖ್ಯೆ ಏರಿತು. ಮೂಲ ಮೀನು ಕುಸಿದದ್ದು ಮರೆಯಾಯಿತು. ಅದು ‘ಟಾರ್ ರೆಮದೇವಿ’ ಎಂದು ಡಿ.ಎನ್.ಎ. ಮತ್ತು ದೇಹಲಕ್ಷಣಗಳಿಂದ ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಗಂಭೀರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು.

ಹೊರನಾಡಿಗರಾದ ನಾವು ಒಂದು ಎಚ್ಚರ ವಹಿಸೋಣ: ಮೀನಿನ ಈ ಶಾಸ್ತ್ರವನ್ನು ಮನುಷ್ಯರಿಗೆ ಅನ್ವಯಿಸುವುದು ಸಲ್ಲದು. ಆದರೆ ನದಿಗೆ ಮರಿ ಬಿಡುವ ಮುನ್ನ ಅದರ ಮೂಲವನ್ನು ಪರೀಕ್ಷಿಸಿ ದಾಖಲಿಸಿರೆಂದು ಎರಡೂ ಸರ್ಕಾರಗಳನ್ನು ಒತ್ತಾಯಿಸುವ ಹೊಣೆ, ಎರಡೂ ನಾಡಿನ ನೀರು ಕುಡಿದ ನಮ್ಮ ಮೇಲಿದೆ.